ಕೆರಿಗನ್ ಕ್ರಾಸಿನ ಗುಡಿ

ಟಿಕಾಯಳ ಗ್ಯಾರೇಜಿನಲ್ಲಿ ಆ ವಾರ ಕಾಲಿಡಲು ಜಾಗವಿರಲಿಲ್ಲ. ಒಂದು ಗೋಡೆಗೆ ಮಾಂಸದ ಫ್ರೀಜರ್, ಇನ್ನೊಂದು ಗೋಡೆಗೆ ಕರುಗಳಿಗೆ ಹಾಲು ಕುಡಿಸುವ ಬಕೆಟ್ಟುಗಳ ರಾಶಿ, ನಡುವೆ ಗಂಬೂಟು ಹೊರಗೆ ಬಿಟ್ಟು ಕಾಲುಚೀಲದಲ್ಲಿ ನಿಂತ ಗಂಡಸರು, ಹೆಂಗಸರು, ಮಕ್ಕಳು. ಫ್ರೀಜರಿನ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ರೋಡೆಲ್‌ನ ಫೋಟೊ ಇಟ್ಟಿದ್ದರು. ಹಸುಗಳನ್ನು ಹೊಡೆದುಕೊಂಡು ಬರಲು ಹೋದ ಹುಡುಗ, ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ನಾಲ್ಕು ಚಕ್ರದ ಬೈಕು ಮಗುಚಿಕೊಂಡು ಕೆಳಗೆ ಸಿಕ್ಕಿಬಿಟ್ಟಿದ್ದ. ಹೆಣ ವಿಮಾನದಲ್ಲಿ ಫಿಲಿಪೀನ್ಸಿನ ಇಲೊಇಲೊಗೆ ಹೋಯಿತು. ಅಲ್ಲಿ ಅವನ ತಾಯಿ ಒಂಬತ್ತು ದಿನದ ಜಪ ನಡೆಸುತ್ತಿದ್ದಳು. ಇಲ್ಲಿ, ಅವನ ಜೊತೆ ಹಾಲು ಕರೆದವರು, ಅವನ ಗಿಟಾರಿಗೆ ಬೈದವರು, ಅವನಿಗೆ ಅನ್ನ ಬಡಿಸಿದವರು, ಟಿಕಾಯಳ ಗ್ಯಾರೇಜಿನಲ್ಲಿ ಅದೇ ಜಪ ನಡೆಸುತ್ತಿದ್ದರು.

ಐದನೆಯ ಸಂಜೆ ಹಾಲಿನ ಟ್ಯಾಂಕರ್ ಬಂತು. ಓಣಿಯುದ್ದಕ್ಕೂ ಕಾರುಗಳು ನಿಂತಿದ್ದರಿಂದ ಅದಕ್ಕೆ ತಿರುಗಲು ಆಗಲಿಲ್ಲ. ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಡ್ರೈವರು ಫಾರ್ಮಿನ ಮಾಲೀಕನಿಗೆ ಫೋನು ಮಾಡಿದ. ಮಾಲೀಕ ಕೆಟ್ಟವನೇನಲ್ಲ. ಟೋಪಿ ತೆಗೆದು ಬಾಗಿಲಲ್ಲಿ ನಿಂತು, ತಗ್ಗಿದ ದನಿಯಲ್ಲೇ ಹೇಳಿದ: "ಬೇಜಾರು ಮಾಡ್ಕೋಬೇಡಿ. ಆದ್ರೆ ದಿನಾ ಹೀಗಾದ್ರೆ ಕಷ್ಟ. ಪಟ್ಟಣದಲ್ಲಿ ಚರ್ಚಿದೆಯಲ್ಲ?"

ಟಿಕಾಯಳ ಗಂಡ ಸೆರಿಯೊ ಆಗಲೇ ಗಂಬೂಟಿನಲ್ಲಿ ಕಾಲು ತೂರಿಸುತ್ತಿದ್ದ. "ಸರಿ ಸರ್, ಸಾರಿ ಸರ್, ಈಗ್ಲೇ ತೆಗೀತೀವಿ ಸರ್" ಎಂದು ಓಡಿದ. ಅವನ ಹಿಂದೆ ಕಾರಿನ ಕೀಲಿ ಹಿಡಿದು ಅರ್ಧ ಗ್ಯಾರೇಜು ಓಡಿತು. ಹೋದವರಲ್ಲಿ ಹಲವರು ವಾಪಸು ಬರಲಿಲ್ಲ. ಜಪ ಹೇಳಿಸುತ್ತಿದ್ದ ಟಿಕಾಯ್ ಮಾತ್ರ ಜಪಮಾಲೆಯಲ್ಲಿ ನಿಂತ ಮಣಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಅಲ್ಲೇ ನಿಂತಿದ್ದಳು. ಟ್ಯಾಂಕರಿನ ಸದ್ದು ಅಡಗಿದ ಮೇಲೆ ಅದೇ ಮಣಿಯಿಂದ ಮುಂದುವರಿಸಿದಳು.

ಉಳಿದ ದಿನಗಳ ಜಪ ನಾಲ್ಕು ಮನೆಗಳಿಗೆ ಹಂಚಿಹೋಯಿತು. ಇಲ್ಲಿ ಎಂಟು ಜನ, ಅಲ್ಲಿ ಹತ್ತು ಜನ. ಸತ್ತ ಹುಡುಗನನ್ನೇ ತುಂಡು ಮಾಡಿ ಹಂಚಿದಂತೆ ಟಿಕಾಯಳಿಗೆ ಅನಿಸಿತು. ಒಂಬತ್ತನೆಯ ದಿನ ಎಲ್ಲರಿಗೂ ಊಟ ಹಾಕಿ, ಕೊನೆಯ ಪಾತ್ರೆ ತೊಳೆಯುವಾಗ ಗಂಡನಿಗೆ ಹೇಳಿದಳು: "ನಮಗೆ ಒಂದು ಗುಡಿ ಬೇಕು."

ಸೆರಿಯೊ ಪಾತ್ರೆ ಒರೆಸುವುದನ್ನು ನಿಲ್ಲಿಸಿದ. "ಇಂದಾಯ್," ಅಂದ. ಮೆತ್ತಗೆ ಮಾತಾಡಬೇಕಾದಾಗೆಲ್ಲ ಅವಳನ್ನು ಹಾಗೇ ಕರೆಯುವುದು. "ನಮ್ಮ ವೀಸಾ ಈ ಮಾಲೀಕರ ಕೈಲಿದೆ. ಇವ್ರು ಬೇಡ ಅಂದ್ರೆ ನಾಳೆ ಗಂಟು ಮೂಟೆ ಕಟ್ಬೇಕು. ಸುಮ್ನೆ ಯಾಕೆ ಕಣ್ಣಿಗೆ ಬೀಳೋದು?"

"ನಾನೇನು ಇವ್ರ ಹಸು ಕೇಳಿದ್ನಾ? ನಾಲ್ಕು ಗೋಡೆ ಕೇಳ್ತಿದೀನಿ."

"ಪಟ್ಟಣದಲ್ಲಿ ಚರ್ಚು..."

"ಭಾನುವಾರ ಒಂಬತ್ತು ಗಂಟೆಗೆ ಅಲ್ಲಿ ಪೂಜೆ. ಒಂಬತ್ತು ಗಂಟೆಗೆ ನೀನೆಲ್ಲಿರ್ತೀಯ ಹೇಳು."

ಸೆರಿಯೊ ಮತ್ತೆ ಪಾತ್ರೆ ಒರೆಸತೊಡಗಿದ. ಭಾನುವಾರ ಒಂಬತ್ತು ಗಂಟೆಗೆ ಅವನು ಶೆಡ್ಡಿನ ಸಗಣಿ ತೊಳೆಯುತ್ತಿರುತ್ತಾನೆ. ಕೆರಿಗನ್ ಕ್ರಾಸಿನ ಸುತ್ತಲಿನ ಫಿಲಿಪಿನೊ ಗಂಡಸರೆಲ್ಲ ಅದನ್ನೇ ಮಾಡುತ್ತಿರುತ್ತಾರೆ. ನ್ಯೂಜಿಲೆಂಡಿಗೆ ಬಂದು ಎಂಟು ವರ್ಷವಾದರೂ ಸೆರಿಯೊ ಹೆಂಡತಿಯೊಡನೆ ಭಾನುವಾರದ ಪೂಜೆಗೆ ಕೂತದ್ದು ಬೆರಳೆಣಿಕೆಯಷ್ಟು ಸಲ.

ಮರುದಿನವೇ ಟಿಕಾಯ್ ಬೇಲಿಯಾಚೆಗಿನ ಮುದುಕ ಗಿಲ್‌ಕ್ರಿಸ್ಟ್‌ನ ಬಳಿ ಹೋದಳು. ಸುತ್ತಲಿನವರೆಲ್ಲ ಕುರಿ ಬಿಟ್ಟು ಹಸು ಹಿಡಿದರೂ ಗಿಲ್‌ಕ್ರಿಸ್ಟ್ ಮಾತ್ರ ಕುರಿಯಲ್ಲೇ ಉಳಿದಿದ್ದ. ವಸಂತದಲ್ಲಿ ತಾಯಿ ಸತ್ತ ಮರಿಗಳಿಗೆಂದು ಟಿಕಾಯ್ ಕರುಗಳ ಪಾಲಿನಲ್ಲಿ ಮಿಕ್ಕ ಗಿಣ್ಣುಹಾಲನ್ನು ಅವನಿಗೆ ಕೊಟ್ಟು ಬರುತ್ತಿದ್ದಳು. ಅವನು ಕುರಿಯ ತೊಡೆ ಕಳಿಸುತ್ತಿದ್ದ. ಅವನ ಜಮೀನಿನಲ್ಲಿ, ರಸ್ತೆಗೆ ಹತ್ತಿರ, ಹಿಂದೆ ಕುರಿಗಾಹಿಗಳು ಮಲಗುತ್ತಿದ್ದ ಮರದ ಗುಡಿಸಲೊಂದು ಇತ್ತು.

"ಮಿಸ್ಟರ್ ಗಿಲ್‌ಕ್ರಿಸ್ಟ್, ಆ ಗುಡಿಸಲಲ್ಲಿ ಏನಿದೆ?"

"ಇಲಿ ಇದೆ. ಯಾಕೆ?"

"ನನಗೆ ಬೇಕು."

"ಇಲೀನಾ?"

"ಗುಡಿಸಲು. ಪ್ರಾರ್ಥನೆ ಮಾಡೋಕೆ."

ಮುದುಕ ಕೋಲಿನ ಮೇಲೆ ಗದ್ದವಿಟ್ಟು ಅವಳನ್ನು ನೋಡಿದ. "ನಮ್ಮಜ್ಜ ಪಕ್ಕಾ ಪ್ರೆಸ್ಬಿಟೇರಿಯನ್. ಕ್ಯಾಥೊಲಿಕ್‌ನೋರು ಬೇಲಿ ದಾಟಿದ್ರೆ ನಾಯಿ ಛೂ ಬಿಡ್ತಿದ್ದ, ಗೊತ್ತಾ?"

"ಈಗೆಲ್ಲಿದಾರೆ ನಿಮ್ಮಜ್ಜ?"

"ಅಕೋ, ಗುಡ್ಡದ ಮೇಲೆ. ಸ್ಮಶಾನದಲ್ಲಿ."

"ಹಾಗಾದ್ರೆ ಅವ್ರಿಗೂ ಒಂದು ಜಪ ಹೇಳ್ತೀವಿ ಬಿಡಿ."

ಗಿಲ್‌ಕ್ರಿಸ್ಟ್ ಕೆಮ್ಮು ಬರುವ ತನಕ ನಕ್ಕ. "ನಾನಿರೋ ತನಕ ಯಾರೂ ನಿನ್ನ ಕೇಳಲ್ಲ, ಹೋಗು" ಅಂದ.

ಮೂರು ವಾರ, ಎರಡು ಹೊತ್ತಿನ ಹಾಲು ಕರೆಯುವಿಕೆಯ ನಡುವೆ ಸಿಕ್ಕ ಬಿಡುವಿನಲ್ಲೆಲ್ಲ ಜನ ಅಲ್ಲಿಗೆ ಬಂದರು. ತುಕ್ಕು ಹಿಡಿದ ತಂತಿಯ ಸುರುಳಿ, ಹಳೆಯ ಬೋನುಗಳು, ಇಲಿಗೂಡು ಎಲ್ಲ ಹೊರಗೆ ಹೋದವು. ಗೋಡೆಗೆ ಬಿಳಿ ಬಣ್ಣ ಬಂತು. ಯಾರೋ ಹಾಲಿನ ಶೆಡ್ಡಿನಲ್ಲಿ ಉಳಿದ ಹಸಿರು ಬಣ್ಣ ತಂದು ಬಾಗಿಲಿಗೆ ಬಳಿದರು. ಗುಡಿಸಲು ಗುಡಿಯಾಯಿತು. ಆದರೆ ದೇವರನ್ನು ಕೂರಿಸುವ ದಿನ ಜಗಳ ಹತ್ತಿತು.

ಜಗಳ ತಂದವಳು ಪಾಸಿತಾ. ಫಿಲಿಪೀನ್ಸಿನಲ್ಲೇ ಬೇರೆ ಕಡೆಯ, ಬಿಕೋಲ್ ಸೀಮೆಯ ನಾಗಾ ಊರಿನವಳು. ಈ ಕಡೆಗೆ ಎಲ್ಲರಿಗಿಂತ ಮೊದಲು ಬಂದವಳು. ಪಟ್ಟಣದ ವೃದ್ಧಾಶ್ರಮದಲ್ಲಿ ಕೆಲಸ, ಗಂಡ ಟ್ರ್ಯಾಕ್ಟರು ರಿಪೇರಿಯವನು. ಅವಳು ಬಾಯಿ ತೆರೆದರೆ ಸುತ್ತಲಿನ ಡೇರಿಯ ಹಾಲೆಲ್ಲ ಒಡೆಯುತ್ತದೆ ಎಂದು ಸೆರಿಯೊ ತಮಾಷೆ ಮಾಡುತ್ತಿದ್ದ, ಅವಳಿಗೆ ಕೇಳಿಸದ ಹಾಗೆ.

ಟಿಕಾಯ್ ತನ್ನ ಬಾಲಯೇಸುವನ್ನು ನಡುವೆ ಕೂರಿಸಿದ್ದಳು. ಕೆಂಪು ನಿಲುವಂಗಿ, ತಲೆಗೆ ಕಿರೀಟ, ಒಂದು ಮೊಳದ ಮರದ ವಿಗ್ರಹ. ತಾಯಿಯ ಮನೆಯಿಂದ ತರುವಾಗ ಪೆಟ್ಟಿಗೆಯಲ್ಲಿ ಜಾಗ ಸಾಲದೆ ತನ್ನ ಬೆಚ್ಚನೆಯ ಕೋಟನ್ನೇ ಬಿಟ್ಟು ಬಂದಿದ್ದಳು. ಪಾಸಿತಾ ತನ್ನೂರಿನ ದೇವಮಾತೆ ಪೆನ್ಯಾಫ್ರಾನ್ಸಿಯಾಳ ವಿಗ್ರಹವನ್ನು ಎದೆಗವಚಿಕೊಂಡು ಒಳಗೆ ಬಂದವಳು ನಿಂತಲ್ಲೇ ನಿಂತಳು.

"ಇದೇನೇ ಟಿಕಾಯ್? ಮಗೂನ ನಡುವೆ ಕೂರ್ಸಿ ತಾಯೀನ ಮೂಲೆಗೆ ತಳ್ತೀಯಾ?"

"ತಾಯಿ ಆದೋಳು ಮಗೂನ ಮುಂದೆ ಬಿಟ್ಟು ತಾನು ಪಕ್ಕಕ್ಕೆ ನಿಂತ್ಕೋತಾಳೆ. ನಾಲ್ಕು ಹೆತ್ತಿದೀಯ, ನಿಂಗೆ ಹೇಳ್ಕೊಡ್ಬೇಕಾ?"

"ನನ್ನ ಹೆರಿಗೆ ವಿಷ್ಯ ನಿಂಗ್ಯಾಕೆ? ಇದೇನು ಎಲ್ಲರ ಗುಡೀನೋ ನಿಮ್ಮ ಇಲೊಇಲೊದೋರ ಮನೆ ದೇವರ ಕೋಣೆನೋ?"

"ಬಣ್ಣ ಬಳಿಯೋವಾಗ ನಿಮ್ಮ ಕಡೆಯೋರು ಎಷ್ಟು ಜನ ಬಂದಿದ್ರು?"

ಪಾಸಿತಾ ಮಾತೆಯನ್ನು ಟವೆಲಿನಲ್ಲಿ ಸುತ್ತಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ ಹೊರಟುಹೋದಳು. ಅವಳ ಹಿಂದೆ ಬಿಕೋಲಿನ ಮನೆಗಳೂ ಹೋದವು. ಆ ಮಾತು ಆಡಬಾರದಿತ್ತು ಎಂದು ಟಿಕಾಯಳಿಗೆ ಆ ಕ್ಷಣವೇ ಅನಿಸಿತು. ಆದರೆ ಕಾರಿನ ಹಿಂದೆ ಓಡಿ ಹೋಗುವ ಜಾತಿಯವಳಲ್ಲ ಅವಳು.

ಪಟ್ಟಣದ ಪಾದ್ರಿ ಫಾದರ್ ಬ್ರೆಂಡನ್ ಒಂದು ಮಧ್ಯಾಹ್ನ ಬಂದು ತಲೆ ಬಗ್ಗಿಸಿ ಒಳಗೆ ಹೊಕ್ಕರು. ಸುತ್ತ ನೋಡಿದರು. ಚೆನ್ನಾಗಿದೆ ಅಂದರು. ಆಮೇಲೆ ಬೆಂಚಿನ ಮೇಲೆ ಕೂತು ಮಂಡಿ ತಿಕ್ಕಿಕೊಂಡರು.

"ನೋಡಮ್ಮ, ನನ್ನ ಚರ್ಚಿನಲ್ಲಿ ಅರ್ಧ ಬೆಂಚು ಖಾಲಿ. ನೀವೆಲ್ಲ ಇಲ್ಲೇ ಉಳಿದುಬಿಟ್ರೆ ಅಲ್ಲಿ ಮುದುಕರಷ್ಟೇ ಉಳೀತಾರೆ."

"ನಾವು ಬರಲ್ಲ ಅಂತಲ್ಲ ಫಾದರ್. ಹಸುಗಳು ಬಿಡಲ್ಲ. ಅದಕ್ಕೇ ಕೇಳ್ತಿದೀನಿ, ನೀವೇ ಬಂದು ಇಲ್ಲಿ ಪೂಜೆ ಮಾಡಿ. ಹನ್ನೊಂದು ಗಂಟೆಗೆ. ಎರಡು ಕರೆಯೋ ಹೊತ್ತಿನ ನಡುವೆ."

"ನನಗೆ ಐದು ಚರ್ಚು, ಒಂದೇ ಒಳ್ಳೇ ಮಂಡಿ" ಎಂದು ಫಾದರ್ ನಕ್ಕರು. "ಜಪ ಮಾಡ್ಕೊಳ್ಳಿ. ಪೂಜೆ ಮಾತ್ರ ಆಗಲ್ಲ."

ಜಪವೇ ನಡೆಯಿತು. ಕ್ರಿಸ್ಮಸ್ಸಿಗೆ ಬಣ್ಣದ ಕಾಗದದ ನಕ್ಷತ್ರಗಳು ತೂಗಿದವು. ಗಿಲ್‌ಕ್ರಿಸ್ಟ್ ಬಾಗಿಲ ಹೊರಗೇ ನಿಂತು ಅಕ್ಕಿಯ ಕೇಕು ತಿಂದು, ಅಂಟು ಅಂಟಾಗಿದೆ ಎಂದು ದೂರಿ, ಇನ್ನೊಂದು ತೆಗೆದುಕೊಂಡ.

ಏಪ್ರಿಲ್‌ನಲ್ಲಿ ಅವನು ಕೊಟ್ಟಿಗೆಯ ಮೆಟ್ಟಿಲಲ್ಲಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಮಗ ಬಂದು ಅಪ್ಪನನ್ನು ವೃದ್ಧಾಶ್ರಮಕ್ಕೆ ಸೇರಿಸಿ, ಜಮೀನನ್ನು ಒಂದು ಡೇರಿ ಕಂಪನಿಗೆ ಮಾರಿದ. ಕಂಪನಿಯ ಮೇಲ್ವಿಚಾರಕ ಟ್ರೆವರ್ ಜಮೀನು ಸುತ್ತುತ್ತ ಬಂದವನು ಹಸಿರು ಬಾಗಿಲು ಕಂಡು ಗಾಡಿ ನಿಲ್ಲಿಸಿದ. ಅಲ್ಲಿ ಟಿಕಾಯ್ ನೆಲ ಒರೆಸುತ್ತಿದ್ದಳು.

"ಇದು ಇಲ್ಲಿ ಇರೋ ಹಾಗಿಲ್ಲಮ್ಮ. ಇಲ್ಲೇ ಹೊಸ ಶೆಡ್ಡಿಗೆ ದಾರಿ ಬರುತ್ತೆ. ಜೂನ್ ಒಂದಕ್ಕೆ ಕೆಡವೋಕೆ ಯಂತ್ರ ತರಿಸ್ತೀನಿ."

"ಗುಡಿಸಲು ಗಿಲ್‌ಕ್ರಿಸ್ಟ್ ನಮಗೆ ಕೊಟ್ಟಿದ್ದು."

"ಗುಡಿಸಲು ನಿಮ್ದೇ. ನೆಲ ನಮ್ದು. ಎತ್ಕೊಂಡು ಹೋಗಿ."

ವ್ಯಂಗ್ಯಕ್ಕೆ ಆಡಿದನೋ ಸುಮ್ಮನೆ ಆಡಿದನೋ, ಟಿಕಾಯ್ ಆ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಭಾನುವಾರ ಗುಡಿಯಲ್ಲಿ ಸೇರಿದವರ ಮುಖದಲ್ಲಿ ಜೀವವೇ ಇರಲಿಲ್ಲ. ಜೂನ್ ಒಂದು ಡೇರಿಯ ಜನಕ್ಕೆ ವರ್ಷ ಮಗುಚುವ ದಿನ. ಕರಾರು ಮುಗಿದವರು ಹೊಸ ಫಾರ್ಮಿಗೆ ಹೋಗುತ್ತಾರೆ. ಹಸು, ನಾಯಿ, ಮಂಚ, ಮಕ್ಕಳು ಎಲ್ಲ ಒಂದೇ ದಿನ ರಸ್ತೆಗೆ ಬೀಳುತ್ತವೆ. ಅಲ್ಲಿದ್ದವರಲ್ಲಿ ಅರ್ಧ ಜನ ಹೊರಡುವವರೇ. ಸೆರಿಯೊ ಟಿಕಾಯ್ ಕೂಡ ಹೊಳೆಯಾಚೆಗಿನ ಫಾರ್ಮಿಗೆ ಹೋಗುವವರಿದ್ದರು.

"ಹೋಗ್ಲಿ ಬಿಡಿ ಮನಾಂಗ್," ಅಂದ ಒಬ್ಬ. ಅಕ್ಕ ಎನ್ನುವ ಆ ಮಾತಿನಿಂದಲೇ ಕಿರಿಯರೆಲ್ಲ ಅವಳನ್ನು ಕರೆಯುವುದು. "ಎರಡು ವರ್ಷ ಆದ್ಮೇಲೆ ನಾವೇ ಎಲ್ಲಿರ್ತೀವೋ ಏನೋ. ನಮ್ಮಂಥೋರಿಗೆ ಯಾಕೆ ಗುಡಿ?"

"ನಿನ್ನ ಫ್ರೀಜರ್ ಬಿಟ್ಟು ಹೋಗ್ತೀಯಾ?"

"ಇಲ್ಲ."

"ನಾಯಿಗೂಡು?"

"ಅದೂ ತಗೊಂಡು ಹೋಗ್ತೀನಿ."

"ನಾಯಿಗೂಡು ರಸ್ತೆ ಮೇಲೆ ಹೋಗುತ್ತಂತೆ, ಗುಡಿ ಹೋಗಲ್ವಂತೆ! ಜಾಗ ನಾನು ಹುಡುಕ್ತೀನಿ. ಹೊರೋಕೆ ನೀವು ತಯಾರಾಗಿ."

ಹುಡುಕಿದಳು. ಮೇ ತಿಂಗಳಿಡೀ ಹುಡುಕಿದಳು. ಸದ್ಯದ ಮಾಲೀಕ ಆಗುವುದಿಲ್ಲವೆಂದು ತಲೆಯಾಡಿಸಿದ. ಹೊಸ ಮಾಲೀಕ, ಕೆಲಸಕ್ಕೆ ಸೇರುವ ಮೊದಲೇ ಇದೇನು ಬೇಡಿಕೆ ಎನ್ನುವಂತೆ ನೋಡಿದ. ಶಾಲೆಯವರು ಒಂದು ಧರ್ಮಕ್ಕೆ ಕೊಟ್ಟರೆ ಇನ್ನೊಂದಕ್ಕೆ ಇಲ್ಲವೆನ್ನಲಾಗದು ಅಂದರು. ಒಬ್ಬ ಫಾರ್ಮಿನವನು ಒಪ್ಪಿ, ಹೆಂಡತಿಯನ್ನು ಕೇಳಿ, ಮಾರನೆಯ ದಿನ ಬೇಡ ಅಂದ. ಪ್ರತಿ ಸಲವೂ ಟಿಕಾಯ್ ಮನೆಗೆ ಬಂದು ಚಹಾ ಕುಡಿದು ಮತ್ತೆ ಕಾರು ಹತ್ತುತ್ತಿದ್ದಳು. ಸೆರಿಯೊ ಏನೂ ಹೇಳುತ್ತಿರಲಿಲ್ಲ. ಅವಳ ಕಾರಿಗೆ ಪೆಟ್ರೋಲು ತುಂಬಿಸಿಡುತ್ತಿದ್ದ.

ತಿಂಗಳ ಕೊನೆಯ ವಾರ, ಮನೆಯ ಸಾಮಾನೆಲ್ಲ ರಟ್ಟಿನ ಪೆಟ್ಟಿಗೆ ಸೇರಿದ್ದಾಗ, ಅಂಗಳದಲ್ಲಿ ಪಾಸಿತಾಳ ಕಾರು ಬಂದು ನಿಂತಿತು. ಪಾಸಿತಾ ಇಳಿದು ಬಾಗಿಲ ತನಕ ಬಂದಳು, ಒಳಗೆ ಬರಲಿಲ್ಲ.

"ಆ ಮುದುಕ ದಿನಾ ನನ್ನ ತಲೆ ತಿಂತಿದಾನೆ," ಅಂದಳು. "ಗಿಲ್‌ಕ್ರಿಸ್ಟ್. ಸ್ನಾನ ಮಾಡ್ಸೋಕೆ ಹೋದ್ರೆ, ನಿಮ್ಮ ಜನರ ಗುಡಿ ಕೆಡವ್ತಾರಂತೆ, ನೀನು ನನ್ನ ಬೆನ್ನು ಉಜ್ತಾ ನಿಂತಿದೀಯಲ್ಲ ಅಂತಾನೆ."

"ಹೇಗಿದಾರೆ?"

"ಬಯ್ಯೋಷ್ಟು ಚೆನ್ನಾಗಿದಾನೆ." ಪಾಸಿತಾ ಆಚೆ ಈಚೆ ನೋಡಿದಳು. "ಕ್ರಾಸಿನಲ್ಲಿ ನಾವು ಮನೆ ತಗೊಂಡಿರೋದು ಗೊತ್ತಲ್ಲ. ಹಿಂದೆ ಜಾಗ ಇದೆ. ನನ್ನ ಗಂಡ ಪುರಸಭೆ ಕಚೇರೀಲಿ ವಿಚಾರಿಸ್ದ. ಅಷ್ಟು ಸಣ್ಣ ಗುಡಿಸಲಿಗೆ ಯಾರೂ ತಲೆ ಕೆಡಿಸ್ಕೊಳ್ಳಲ್ವಂತೆ. ತಂದು ಇಡಿ. ಆದ್ರೆ ಜಾಗ ನಂದು. ನಡುವೆ ನಮ್ಮಮ್ಮ ಕೂರ್ಬೇಕು."

ಟಿಕಾಯ್ ಒಳಕ್ಕೆ ತಿರುಗಿ ನೋಡಿದಳು. ಒಳಕೋಣೆಯಲ್ಲಿ, ಹೊದಿಕೆಗಳ ಪೆಟ್ಟಿಗೆಯ ಮೇಲೆ, ಕೆಂಪು ನಿಲುವಂಗಿಯ ಬಾಲಯೇಸು ಕೂತಿದ್ದ. ಅವಳ ಹೆತ್ತಮ್ಮ ಕೊನೆಯ ಸಲ ಕಣ್ಣು ಮುಚ್ಚಿದ್ದು ಅವನ ಎದುರಿಗೇ.

"ಆಯ್ತು," ಅಂದಳು.

ಪಾಸಿತಾ ಜಗಳಕ್ಕೆ ಸೊಂಟ ಕಟ್ಟಿ ಬಂದವಳು. ತಬ್ಬಿಬ್ಬಾದಳು. "ಏನು ಆಯ್ತು?"

"ನಡುವೆ ನಿಮ್ಮಮ್ಮ. ಆಯ್ತು ಅಂದೆ."

"ಜಗಳ ಆಡಲ್ವಾ?"

"ಈಗ ಟೈಮಿಲ್ಲ ಕಣೇ. ಒಳಗೆ ಬಾ, ಚಹಾ ಕುಡಿ. ಅವತ್ತು ಬಣ್ಣದ ವಿಷ್ಯಕ್ಕೆ ನಾನು ಆಡಿದ್ದು ತಪ್ಪು."

ಪಾಸಿತಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ಲೋಟಗಳೆಲ್ಲ ಕಟ್ಟಿಟ್ಟಾಗಿದ್ದರಿಂದ ಇಬ್ಬರೂ ಒಂದೇ ಲೋಟದಲ್ಲಿ ಸರದಿಯ ಮೇಲೆ ಕುಡಿದರು. ಅವಳು ಹೋದ ಮೇಲೆ ಟಿಕಾಯ್ ಒಳಕೋಣೆಗೆ ಹೋಗಿ ಬಾಲಯೇಸುವಿನ ಮುಂದೆ ಕೂತಳು. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಅವನ ನಿಲುವಂಗಿಯ ಧೂಳು ಕೊಡವಿ, "ಅಮ್ಮನ ಪಕ್ಕ ಕೂರೋಕೆ ನಿಂಗೇನು ಕಷ್ಟ" ಎಂದು ಗದರಿ ಎದ್ದಳು.

ಈ ಸಲ ಸೆರಿಯೊ ಅವಳನ್ನು ಬೆರಗುಗೊಳಿಸಿದ. ಯಾರಿಗೂ ಹೇಳದೆ ಸದ್ಯದ ಮಾಲೀಕನ ಬಳಿ ಹೋಗಿ ಟ್ರ್ಯಾಕ್ಟರನ್ನೂ ಹುಲ್ಲು ಸಾಗಿಸುವ ಟ್ರೈಲರನ್ನೂ ಕೇಳಿದ. ಮಾಲೀಕ ಜೂನ್ ಒಂದಕ್ಕೆ ತನಗೂ ಬೇಕು ಅಂದಾಗ, "ಸಾರಿ ಸರ್" ಎಂದು ತಿರುಗಿ ಬರುವ ಬದಲು ಅಲ್ಲೇ ನಿಂತನಂತೆ. "ನಾನು ಎಂಟು ವರ್ಷದಲ್ಲಿ ನಿಮ್ಮನ್ನ ಏನಾದ್ರೂ ಕೇಳಿದೀನಾ ಸರ್?" ಅಂದನಂತೆ. ಮಾಲೀಕ ಯೋಚಿಸಿ ನೋಡಿ, ಇಲ್ಲವೆಂದು ಕಂಡು, ಕೀಲಿ ಕೊಟ್ಟ.

ಜೂನ್ ಒಂದರ ಬೆಳಿಗ್ಗೆ ಸಣ್ಣಗೆ ಮಳೆ. ಅದಕ್ಕೂ ಹಿಂದಿನ ವಾರವಿಡೀ ಮಳೆ. ಗುಡಿಸಲನ್ನು ಜಾಕಿಗಳ ಮೇಲೆ ಎತ್ತಿ, ಕೆಳಗೆ ಟ್ರೈಲರ್ ತಳ್ಳಿ, ಸರಪಳಿ ಬಿಗಿದು ಹೊರಡುವ ಹೊತ್ತಿಗೆ ರಸ್ತೆಯೆಲ್ಲ ಹಸುಗಳಾಗಿದ್ದವು. ಮುಂದೆ ಹಸು, ಹಿಂದೆ ಹಸು, ನಡುವೆ ಮಂಚ ಹೊತ್ತ ಲಾರಿಗಳು, ಸೋಫಾದ ಮೇಲೆ ಕೂತ ನಾಯಿಗಳು, ಅವುಗಳ ನಡುವೆ ಹಸಿರು ಬಾಗಿಲಿನ ಗುಡಿ. ಸೆರಿಯೊ ಟ್ರ್ಯಾಕ್ಟರನ್ನು ನಡಿಗೆಯ ವೇಗದಲ್ಲಿ ಓಡಿಸುತ್ತಿದ್ದ. ಹಿಂದಿನ ಕಾರಿನಲ್ಲಿ ಟಿಕಾಯ್ ಬಾಲಯೇಸುವನ್ನು ತೊಡೆಯ ಮೇಲಿಟ್ಟುಕೊಂಡು, ಸರಪಳಿಯಿಂದ ಕಣ್ಣು ಕೀಳದೆ ಕೂತಿದ್ದಳು. ಹಿಂದೆ ವಾಹನಗಳ ಸಾಲು ಬೆಳೆಯುತ್ತಲೇ ಹೋಯಿತು.

ಕ್ರಾಸು ತಲುಪಿದ್ದಾಯಿತು. ಪಾಸಿತಾಳ ಗೇಟಿನಲ್ಲಿ ಸೆರಿಯೊ ಟ್ರ್ಯಾಕ್ಟರು ತಿರುಗಿಸಿದ. ಮುಂದಿನ ಚಕ್ರ ಕೆಸರಿಗಿಳಿಯಿತು, ಹಿಂದಿನದೂ ಇಳಿಯಿತು, ಅಲ್ಲಿಗೆ ಮುಗಿಯಿತು. ಇನ್ನೊಂದು ಟ್ರ್ಯಾಕ್ಟರು ಬಂದು ಅದನ್ನು ಎಳೆದು ರಸ್ತೆಗೆ ಹಾಕಿತು. ಗೇಟಿನಿಂದ ಗುಡಿಯ ಜಾಗದವರೆಗೂ ನೆಲ ಗಂಜಿಯಾಗಿತ್ತು.

"ನೆಲ ಒಣಗಲಿ, ಆಮೇಲೆ ನೋಡೋಣ," ಅಂದ ಪಾಸಿತಾಳ ಗಂಡ.

"ಈ ಊರಲ್ಲಿ ಜೂನಲ್ಲಿ ನೆಲ ಒಣಗೋದಾ? ನಿಮ್ಮ ತಲೆ!" ಅಂದಳು ಪಾಸಿತಾ.

ಟ್ರೈಲರನ್ನು ಸಂಜೆಯೊಳಗೆ ವಾಪಸು ಕೊಡಬೇಕು. ರಸ್ತೆ ಬಿಡಿ ಎಂದು ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ. ಎಲ್ಲರೂ ಮಳೆಯಲ್ಲಿ ತೊಯ್ಯುತ್ತ ನಿಂತರು.

"ಊರಲ್ಲಾಗಿದ್ರೆ..." ಎಂದು ಯಾರೋ ಶುರು ಮಾಡಿ ನಿಲ್ಲಿಸಿದರು.

ಟಿಕಾಯ್ ಕಾರಿನಿಂದ ಇಳಿದಳು. "ಊರಲ್ಲಾಗಿದ್ರೆ ಏನ್ ಮಾಡ್ತಿದ್ರಿ? ಹೇಳಿ."

ಸೆರಿಯೊನೇ ಹೇಳಿದ: "ಊರೋರೆಲ್ಲ ಸೇರಿ ಮನೇನೇ ಹೊರ್ತಿದ್ವಿ."

"ಅದು ಬಿದಿರಿನ ಮನೆ ಮನೊಂಗ್," ಅಂದ ಒಬ್ಬ ಹುಡುಗ, ಅಣ್ಣನಿಗೆ ಹೇಳುವ ಹಾಗೆ. "ಇದು ಮರದ್ದು, ತಗಡಿಂದು."

"ಹೆಗಲು ಅದೇ ತಾನೆ?" ಅಂದಳು ಟಿಕಾಯ್.

ಅಲ್ಲಿಂದ ಮುಂದೆ ಯಾರೂ ಹೇಳಿಸಿಕೊಳ್ಳಲಿಲ್ಲ. ಮೇಲೆ ಹತ್ತಿದವರು ಚಾವಣಿಯ ತಗಡು ಬಿಚ್ಚಿದರು. ಒಳಗೆ ಹೊಕ್ಕವರು ನೆಲದ ಹಲಗೆ, ಬೆಂಚು, ಬಾಗಿಲು ತೆಗೆದು ಹೊರಗೆ ಸಾಗಿಸಿದರು. ಪಾಸಿತಾಳ ಗಂಡ ತನ್ನ ಶೆಡ್ಡಿನಿಂದ ಕಬ್ಬಿಣದ ಉದ್ದನೆಯ ಕೊಳವೆಗಳನ್ನು ತಂದ. ಅವನ್ನು ಚೌಕಟ್ಟಿನ ಅಡಿಗೆ ತೂರಿಸಿ ಹಗ್ಗ ಬಿಗಿದರು. ಫೋನಿನ ಮೇಲೆ ಫೋನು ಹೋಯಿತು. ತಮ್ಮ ತಮ್ಮ ಸಾಮಾನು ಇಳಿಸಿದವರು, ಹಸು ಸೇರಿಸಿದವರು, ಬಿಕೋಲಿನವರು, ಇಲೊಇಲೊದವರು, ಇನ್ನೂ ಯಾರ ಪರಿಚಯವೂ ಆಗದ ಹೊಸಬರು ಗೇಟಿನಲ್ಲಿ ಸೇರಿದರು. ಹಸುಗಳ ಹಿಂದೆ ಹೊರಟಿದ್ದ ಇಬ್ಬರು ಊರಿನ ಹುಡುಗರು ಏನಿದು ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೊಳವೆಗೆ ಕೈ ಹಾಕಿದರು.

ಅಷ್ಟರಲ್ಲಿ ವಾಹನಗಳ ಸಾಲಿನ ಕೊನೆಯಿಂದ, ಛತ್ರಿ ಹಿಡಿದು ಕುಂಟುತ್ತ, ಯಾರು ರಸ್ತೆ ತಡೆದಿದ್ದು ಎಂದು ನೋಡಲು ಒಬ್ಬರು ನಡೆದು ಬಂದರು. ಫಾದರ್ ಬ್ರೆಂಡನ್.

"ಫಾದರ್, ಹೆಗಲು ಕೊಡ್ತೀರಾ?" ಅಂದಳು ಪಾಸಿತಾ.

"ನನ್ನ ಮಂಡಿ..."

"ಹಾಗಾದ್ರೆ ಬಾಗಿಲು ಹಿಡ್ಕೊಳ್ಳಿ."

ಫಾದರ್ ಛತ್ರಿ ಮಡಚಿ, ಹಸಿರು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೇಲಿಯ ಪಕ್ಕ ನಿಂತರು. ಪಾಸಿತಾ ಆಶ್ರಮದಿಂದ ಕರೆತಂದಿದ್ದ ಗಿಲ್‌ಕ್ರಿಸ್ಟ್ ಕಂಬಳಿ ಹೊದ್ದು ಕಾರಿನಲ್ಲಿ ಕೂತಿದ್ದ. ಕಿಟಕಿ ಇಳಿಸಿ, ಜೀವಮಾನವಿಡೀ ಕುರಿನಾಯಿಗಳಿಗೆ ಕೂಗಿದ ಗಂಟಲಿನಿಂದ ಕೂಗಿದ: "ಎಡಗಡೆಯೋರು ನಿಧಾನ! ನಿಧಾನ ಅಂದೆ!"

"ಒಂದು, ಎರಡು, ಎತ್ತು!" ಪಾಸಿತಾಳ ದನಿ ಕ್ರಾಸಿನ ನಾಲ್ಕೂ ದಿಕ್ಕಿಗೆ ಕೇಳಿಸಿತು. ಗುಡಿ ಟ್ರೈಲರಿನಿಂದ ಮೇಲೆದ್ದು ಹೆಗಲುಗಳ ಮೇಲೆ ಕೂತಿತು. ಟಿಕಾಯ್ ಹೆಂಗಸರ ಸಾಲಿನಲ್ಲಿ, ಹಿಂದಿನ ಕೊಳವೆಯ ಕೆಳಗಿದ್ದಳು. ಕಬ್ಬಿಣ ಹೆಗಲೆಲುಬಿಗೆ ಒತ್ತುತ್ತಿತ್ತು. ಕೆಸರು ಮೊಣಕಾಲಿಗೆ ಬಂದು ಕಾಲನ್ನು ಬಿಡುತ್ತಿರಲಿಲ್ಲ. ಮುಂದೆ ಏನೂ ಕಾಣಿಸುತ್ತಿರಲಿಲ್ಲ. ಎದುರಿಗೆ ಬಿಳಿಯ ಹಲಗೆ, ಪಕ್ಕದಲ್ಲಿ ಯಾರದೋ ಏದುಸಿರು, ಪಾಸಿತಾಳ ಲೆಕ್ಕ. ಒಂದೆರಡು ಸಲ ಗುಡಿ ವಾಲಿತು. ಜನ ಕಿರುಚಿದರು. ಯಾರೂ ಬಿಡಲಿಲ್ಲ. ಕೊನೆಗೆ ಮೊದಲೇ ನೆಟ್ಟಿದ್ದ ಕಲ್ಲುಕಂಬಗಳ ಮೇಲೆ ಅದನ್ನು ಇಳಿಸಿದಾಗ ಹುಡುಗರು ಕೆಸರಲ್ಲೇ ಮಲಗಿಬಿಟ್ಟರು. ಕೆಲವರು ನಗುತ್ತಿದ್ದರು, ಕೆಲವರು ಅಳುತ್ತಿದ್ದರು.

ಟಿಕಾಯ್ ಹೆಗಲು ತಿಕ್ಕಿಕೊಳ್ಳುತ್ತ ಗುಡಿಯನ್ನು ಒಂದು ಸುತ್ತು ಬಂದಳು. ಮುಖ ಬದಲಾಯಿತು.

"ಬಾಗಿಲು ದಕ್ಷಿಣಕ್ಕೆ ಬಂದಿದೆ."

ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಬಾಗಿಲು ದಕ್ಷಿಣಕ್ಕೆ ಬಂದಿದೆ ಅಂದೆ. ರಸ್ತೆ ಕಡೆ ಬರ್ಬೇಕಿತ್ತು. ತಿರುಗ್ಸಬೇಕು."

"ಅಯ್ಯೋ ಮನಾಂಗ್, ಸಾಯಿಸ್ತೀರಾ!"

"ಇಂದಾಯ್, ಸಾಕು ಕಣೇ," ಅಂದ ಸೆರಿಯೊ ಕೆಸರಿನಿಂದಲೇ.

"ಇರ್ಲಿ ಬಿಡೇ," ಅಂದಳು ಪಾಸಿತಾ. "ಬಾಗಿಲು ಎಲ್ಲಿದ್ರೇನು? ಒಳಗೆ ಹೋದ್ರೆ ಸರಿ."

ಟಿಕಾಯ್ ಅವಳ ಕಡೆ ತಿರುಗಿದಳು. "ಜುಲೈ ಚಳೀಲಿ ದಕ್ಷಿಣದ ಗಾಳಿ ಹಿಮ ಹೊತ್ಕೊಂಡು ನೇರ ಒಳಗೆ ನುಗ್ಗುತ್ತೆ. ನಡುವೆ ಕೂತಿರೋರು ಯಾರು? ನಿಮ್ಮಮ್ಮ. ಅವಳ ಮುಖಕ್ಕೇ ಹೊಡೆಯುತ್ತೆ. ನಿಂಗೆ ಪರವಾಗಿಲ್ಲ ಅಂದ್ರೆ ನಂಗೇನು."

ಪಾಸಿತಾ ಸೊಂಟಕ್ಕೆ ಕೈಯಿಟ್ಟು ಮಲಗಿದವರ ಮೇಲೆ ಹರಿಹಾಯ್ದಳು: "ಏಳ್ರೋ! ಏನ್ ಮಲಗಿದೀರ? ನಮ್ಮಮ್ಮನಿಗೆ ಚಳಿಯಾಗುತ್ತಂತೆ, ಏಳಿ! ಎತ್ತಿ!"

ಗೊಣಗುತ್ತ, ಬೈಯುತ್ತ, ಎಲ್ಲರೂ ಎದ್ದರು. ಇನ್ನೊಮ್ಮೆ ಎತ್ತಿದರು. ಈ ಸಲ ಫಾದರ್ ಬ್ರೆಂಡನ್ ಬಾಗಿಲನ್ನು ಬೇಲಿಗೆ ಒರಗಿಸಿಟ್ಟು ಬಂದು, ಟಿಕಾಯಳ ಪಕ್ಕದಲ್ಲಿ ಕೊಳವೆಗೆ ಹೆಗಲು ಕೊಟ್ಟರು. ಅವರ ಹೆಗಲಿನಿಂದ ಭಾರವೇನೂ ಕಡಿಮೆಯಾಗಲಿಲ್ಲ. ಕೆಸರಲ್ಲಿ ಒಂದೊಂದೇ ಹೆಜ್ಜೆ ಸರಿಸುತ್ತ ಗುಡಿಯನ್ನು ಸುತ್ತ ತಿರುಗಿಸಿ, ಬಾಗಿಲು ರಸ್ತೆಯ ಕಡೆ ಬರುವಂತೆ ಇಳಿಸಿದರು.

"ಹನ್ನೊಂದು ಗಂಟೆ ಅಂದಿದ್ರಿ ಅಲ್ವಾ?" ಎಂದರು ಫಾದರ್, ಉಸಿರು ಬಂದ ಮೇಲೆ.

"ಈಗ ಹಸುಗಳ ಹಾಲು ಬತ್ತಿದೆ ಫಾದರ್. ಆಗಸ್ಟಿನ ತನಕ ಯಾವ ಹೊತ್ತಿಗಾದ್ರೂ ಬನ್ನಿ. ಆಮೇಲೆ ಹನ್ನೊಂದು."

"ಗುರುವಾರ ಬರ್ತೀನಿ. ಪ್ರತಿ ಗುರುವಾರ ಅಂತ ಹೇಳಲ್ಲ."

"ಈ ಗುರುವಾರ ಬನ್ನಿ. ಉಳಿದದ್ದು ಆಮೇಲೆ ಮಾತಾಡೋಣ," ಅಂದಳು ಟಿಕಾಯ್.

ಗುರುವಾರ ಬಂದರು. ಗುಡಿಯೊಳಗೆ ಹಿಡಿಸಿದ್ದು ಮುದುಕರು, ಮಕ್ಕಳು, ಬಸುರಿಯರು ಮಾತ್ರ. ಉಳಿದವರು ಹೊರಗೆ ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಸಾಲಾಗಿ ನಿಂತರು. ಸೆರಿಯೊ ಹೊಸ ಫಾರ್ಮಿನವನಿಗೆ ಮೊದಲೇ ಹೇಳಿ ಬಂದಿದ್ದ. ಮೊದಲ ದಿನವೇ ಹೇಳಿಬಿಟ್ಟಿದ್ದ. ಪೂಜೆಯ ಹೊತ್ತಿಗೆ ಟಿಕಾಯ್ ಅವನ ಪಕ್ಕದಲ್ಲೇ ನಿಂತಿದ್ದಳು. ಹಾಡಿಗೆ ಅವನು ಶ್ರುತಿ ತಪ್ಪಿದಾಗ ಮೊಣಕೈಯಿಂದ ತಿವಿದಳು.

ಆ ಚಳಿಗಾಲ ಮುಗಿಯುವುದರೊಳಗೆ ಗುಡಿಗೆ ಹೊಸ ಚಾವಣಿ ಬಂತು, ಮುಂದೆ ಜಗುಲಿ ಬಂತು. ಜಗುಲಿಯ ಅಗಲದ ಬಗ್ಗೆ ಟಿಕಾಯಳಿಗೂ ಪಾಸಿತಾಳಿಗೂ ಎರಡು ವಾರ ಮಾತು ನಿಂತಿತ್ತು, ಮತ್ತೆ ಶುರುವಾಯಿತು. ಕೆಲವರು ಉತ್ತರಕ್ಕೆ ಹೋದರು, ಕೆಲವರು ಆಸ್ಟ್ರೇಲಿಯಾಕ್ಕೆ ಹೋದರು. ಹೊಸಬರು ಬಂದರು.

ಆಗಸ್ಟಿನಲ್ಲಿ ಹಸುಗಳು ಕರು ಹಾಕತೊಡಗಿದವು. ಟಿಕಾಯಳಿಗೆ ಉಸಿರಾಡಲೂ ಬಿಡುವಿಲ್ಲ. ದಿನಕ್ಕೆ ಹತ್ತು ಹದಿನೈದು ಕರು. ಕಾಲು ನೆಟ್ಟಗಾಗದವು, ಹಾಲು ಹೀರಲು ಬಾರದವು, ಚಳಿಗೆ ನಡುಗುವವು. ಒಂದು ಸಂಜೆ ಅವಳು ಜಪಕ್ಕೆ ತೀರ ತಡವಾಗಿ ಹೊರಟಳು. ಜಪ ಹೇಳಿಸುವವಳು ತಾನೇ. ಎಲ್ಲರೂ ಕಾದು ಕೂತಿರುತ್ತಾರೆ, ಕೆಲವರು ಎದ್ದು ಹೋಗಿರುತ್ತಾರೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಕಾರು ನಿಲ್ಲಿಸಿ ಇಳಿದಾಗ ಜಪದ ದನಿ ಆಗಲೇ ಕೇಳಿಸುತ್ತಿತ್ತು. ಜಗುಲಿಯ ಮೇಲೂ ಜನ ನಿಂತಿದ್ದರು. ಒಳಗೆ ಜಪ ಹೇಳಿಸುತ್ತಿದ್ದವಳು ಹಿಂದಿನ ವಾರವಷ್ಟೇ ಊರಿಂದ ಬಂದ ಒಬ್ಬ ಎಳೆಯ ಹೆಂಗಸು. ಅವಳ ಹೆಸರೂ ಟಿಕಾಯಳಿಗೆ ಗೊತ್ತಿರಲಿಲ್ಲ. ಸ್ವಲ್ಪ ಅವಸರದಲ್ಲಿ ಹೇಳಿಸುತ್ತಿದ್ದಳು. ನಡುವೆ ಒಂದು ಸಾಲು ತಪ್ಪಿ, ನಾಲಿಗೆ ಕಚ್ಚಿಕೊಂಡು ಸರಿ ಮಾಡಿಕೊಂಡಳು.

ಜಗುಲಿಯಲ್ಲಿದ್ದ ಪಾಸಿತಾ ಟಿಕಾಯಳನ್ನು ಕಂಡು, ಒಳಗೆ ಹೋಗು ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಟಿಕಾಯ್ ಬೇಡವೆಂದು ತಲೆಯಾಡಿಸಿದಳು. ಪಾಸಿತಾ ಸ್ವಲ್ಪ ಸರಿದು ಜಾಗ ಬಿಟ್ಟಳು. ಟಿಕಾಯ್ ಮೆಟ್ಟಿಲು ಹತ್ತಿ ಅವಳ ಪಕ್ಕ ನಿಂತು, ಕರುಹಾಲಿನ ವಾಸನೆಯ ಕೈಗಳನ್ನು ಜೋಡಿಸಿ, ಎಲ್ಲರೊಡನೆ ದನಿಗೂಡಿಸಿದಳು.